ಮುಳ್ಳು ಏರಿದ ಮಧ್ಯಾಹ್ನ

ಮುಳ್ಳು ನಡುಗುತ್ತಿದೆ, ಗೋಡೆಯ ಮೇಲೆ, ಗಾಳಿಗಡಿಯಾರದ ಹಿತ್ತಾಳೆ ಬಳೆಯೊಳಗೆ, ಗಾಜಿನ ಹಿಂದೆ — ನಡುಗುತ್ತಿರುವುದು ಮುಳ್ಳೋ, ಗೋಡೆಯೋ, ಗೋಡೆಗೆ ಒತ್ತಿಹಿಡಿದು ಅವನು ಅಲುಗಿಸುತ್ತಿರುವ ತಮ್ಮನ ಮೈಯೋ, ಯಾವುದೋ ಒಂದು, ಆದರೆ ಮುಳ್ಳು ನಿಂತಿರುವುದಂತೂ ತಿಳಿ ಎಂಬ ಎರಡಕ್ಷರದ ಮೇಲೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದೆ ಅನ್ನುವ ಹಾಗೆ, ನಾಚಿಕೆಗೆಟ್ಟದ್ದು, ನಿನ್ನೆಯವರೆಗೂ, ನಿನ್ನೆ ಏನು ಬಂತು, ಅವನಿಗೆ ಮೀಸೆ ಚಿಗುರಿದ ಕಾಲದಿಂದಲೂ ಬಿರುಗಾಳಿಯ ಮೇಲೆ ಮೊಳೆ ಹೊಡೆದಂತೆ ಕೂತಿದ್ದ ಮುಳ್ಳು, ಮಳೆ ದಾಟಿ, ಬದಲು ದಾಟಿ, ಅರ್ಧ ಮುಖ ದಾಟಿಕೊಂಡು ಈಚೆ ಬಂದುಬಿಟ್ಟಿದೆ, ಯಾರನ್ನು ಕೇಳಿ ದಾಟಿತು, ಯಾರನ್ನು ಕೇಳಿ ಬಿಚ್ಚಿದೆಯೋ ಅದನ್ನ, ಅಣ್ಣ ಬಿಡು, ಅಣ್ಣ ಹೇಳ್ತೀನಿ ಕೇಳು, ಏನು ಕೇಳೋದು ನಿನ್ನ ತಲೆ, ಒಂದು ಗುದ್ದು, ಗುದ್ದು ಬಿದ್ದದ್ದು ತುಟಿಗೆ, ತುಟಿ ಒಡೆದು ಹಲ್ಲು ಕೆಂಪಾಗಿ ಆ ಹಲ್ಲು ಅವನ ಬೆರಳಿನ ಗೆಣ್ಣನ್ನೇ ಕಚ್ಚಿತು, ಹೊಡೆಸಿಕೊಂಡವನೇ ಹೊಡೆದವನನ್ನು ಕಚ್ಚುವುದೇ, ಇದು ಯಾವ ನ್ಯಾಯ, ಇದು ಚಿಮಟನ ನ್ಯಾಯ. ಚಿಮಟ ಅಂತಲೇ ತಮ್ಮನಿಗೆ ಹೆಸರು, ಗಡಿಯಾರ ರಿಪೇರಿಯವನು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇರುವೆಯ ಮೊಣಕಾಲಿಗೂ ತಿರುಪು ಹಾಕಬಲ್ಲ ಕೈ, ಮೈಯಲ್ಲಿ ಮಾಂಸ ಅಂತ ಇದ್ದರೆ ಕಿವಿಯಲ್ಲಿ ಮಾತ್ರ, ಮತ್ತೆ ಅಣ್ಣ ಇವನು, ಇವನು ಸುತ್ತಿಗೆ, ಹಳೆಯ ಕಟ್ಟಡ ಒಡೆಯುವ ಕೆಲಸದವರಲ್ಲಿ ಇವನ ಹೆಸರು ಕೇಳದವನು ಕೆಲಸಕ್ಕೆ ಹೊಸಬ, ಮೂರಂತಸ್ತಿನ ಗೋಡೆಯ ಮುಂದೆ ಇವನು ತೋಳು ಮಡಚಿ ನಿಂತರೆ ಸಾಕು, ಗೋಡೆಯೇ ತಪ್ಪಾಯ್ತು ಅಂತ ಕೂತುಬಿಡುತ್ತದೆ, ಒಂದು ಸಲ ಹಳೇ ಗಿರಣಿಯ ಹೊಗೆಗೂಡು, ಇಂಜಿನಿಯರು ಯಂತ್ರ ತರಿಸೋಣ ಅಂದ, ಇವನು ಬೀಡಿ ಮುಗಿಸಿ ಎದ್ದು ಒಂದೇ ಏಟು, ಹೊಗೆಗೂಡು ತಾನು ಯಾವ ಕಡೆ ಬೀಳಬೇಕು ಅಂತ ಇವನನ್ನೇ ಕೇಳಿ ಬಿತ್ತು, ಅಂಥ ಕೈ ಇದು, ಅಂಥ ಕೈ ಈಗ ತಮ್ಮನ ಅಂಗಿಯ ಕಾಲರಿನಲ್ಲಿ, ಮತ್ತೆ ಆ ಕೈ — ಯಾರಿಗೂ ಹೇಳುವ ಹಾಗಿಲ್ಲ — ನೋಯುತ್ತಿದೆ, ಗುದ್ದಿದ್ದಕ್ಕಲ್ಲ, ಗುದ್ದುವ ಮೊದಲೇ, ಕೆಲಸದಿಂದ ಮೈತುಂಬ ಸುಣ್ಣದ ಧೂಳು ಹೊತ್ತು ಊಟಕ್ಕೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ತಲೆ ಎತ್ತಿ ಮುಳ್ಳನ್ನು ನೋಡಿದನಲ್ಲ, ಆ ಕ್ಷಣಕ್ಕೇ ಎರಡು ಮುಂಗೈಯೊಳಗೂ ಮೂಳೆ ಚಳಿಗೆ ಸಿಕ್ಕಿದಂತೆ ನಡುಗಿತು, ಆಮೇಲೆ ಗುದ್ದು.

ನೋಡಣ್ಣ, ಸರಿಹೋಯ್ತು, ಅಂದಿದ್ದ ತಮ್ಮ, ಟವೆಲ್ಲನ್ನು ಮಡಚುತ್ತ, ಟವೆಲ್ಲಿನಲ್ಲಿ ಸುತ್ತಿ ತಂದಿದ್ದನಂತೆ, ಕೂಸನ್ನು ತರುವ ಹಾಗೆ, ಹಲ್ಲು ಬೇರೆ ಕಿರಿದ, ಹಿತ್ತಾಳೆಯನ್ನೂ ಉಜ್ಜಿದ್ದಾನೆ, ಅಪ್ಪನ ಕೈಯ ಎಣ್ಣೆ ಕುಡಿದು ಕಪ್ಪಾಗಿದ್ದ ಬಳೆ ಈಗ ಮದುವೆ ಮನೆಯ ಬಾಂಡಿನವನ ಕಹಳೆ ಥರ ಹೊಳೆಯುತ್ತಿದೆ, ಥೂ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ವಾಯುಭಾರಮಾಪಕ ಅಂತಿತ್ತು, ಅಂಗಡಿಯವರು ಬ್ಯಾರೋಮೀಟರ್ ಅನ್ನುತ್ತಾರೆ, ಈ ಮನೆಯಲ್ಲಿ ಅದು ಗಾಳಿಗಡಿಯಾರ, ಇಡೀ ಬೀದಿಗೇ ಗಾಳಿಗಡಿಯಾರ, ಆ ಕಾಲದಲ್ಲಿ ಏನೇನಿರಲಿಲ್ಲ ಬೀದಿಯಲ್ಲಿ, ಮೂಲೆಮನೆ ದರ್ಜಿಯ ಕಿಟಕಿಯಲ್ಲಿ ಮರದ ಪುಟ್ಟ ಮನೆ, ಅದಕ್ಕೆ ಎರಡು ಬಾಗಿಲು, ಗಾಳಿಯಲ್ಲಿ ತೇವ ಇದ್ದರೆ ಕೊಡೆ ಹಿಡಿದ ಗಂಡುಗೊಂಬೆ ಹೊರಗೆ, ಒಣಗಿದ್ದರೆ ಬುಟ್ಟಿ ಹಿಡಿದ ಹೆಣ್ಣುಗೊಂಬೆ ಹೊರಗೆ, ಇಬ್ಬರೂ ಒಟ್ಟಿಗೆ ಬಂದದ್ದನ್ನು ಕಂಡವರಿಲ್ಲ, ದರ್ಜಿಯ ಸಂಸಾರವೂ ಹಾಗೇ ಇತ್ತು ಅಂತ ಬೀದಿಯವರು ನಗುತ್ತಿದ್ದರು, ಎದುರುಮನೆ ಮೇಷ್ಟರ ಹತ್ತಿರ ಪಾದರಸದ ಕೊಳವೆ, ಮೇಷ್ಟರ ಹೆಂಡತಿ ಅದನ್ನು ನೋಡದೆ ಹಪ್ಪಳ ಹಾಗಿರಲಿ, ಹಾಸಿಗೆಯನ್ನೂ ಬಿಸಿಲಿಗೆ ಹಾಕುತ್ತಿರಲಿಲ್ಲ, ಆದರೆ ಎಲ್ಲ ಆಟದ ಸಾಮಾನು, ಗಾಳಿಗಡಿಯಾರದ ಮುಂದೆ ಎಲ್ಲ ಆಟದ ಸಾಮಾನು, ಅದು ಹಡಗಿನಲ್ಲಿ ಹುಟ್ಟಿದ್ದು, ಅಪ್ಪ ಹೇಳುತ್ತಿದ್ದದ್ದು ಅದು ಏಳು ಸಮುದ್ರದ ಉಪ್ಪು ತಿಂದಿದೆ ಅಂತ, ಗಾಜಿಗೆ ಕಿವಿ ಹಚ್ಚಿದರೆ ಸಮುದ್ರ ಕೇಳುತ್ತದೆ ಅಂತ, ಕೇಳುತ್ತಿತ್ತು, ಇವನಿಗೆ ಕೇಳುತ್ತಿತ್ತು, ತಮ್ಮನಿಗೆ ಕೇಳುತ್ತಿರಲಿಲ್ಲ, ಒಳಗೆ ಏನಿದೆ ಅಪ್ಪ ಅಂತ ಕೇಳುವವನು ತಮ್ಮ, ಏನಿದೆ ಅಂದರೆ ಒಂದು ತೆಳ್ಳನೆ ತಗಡಿನ ಡಬ್ಬಿ, ಡಬ್ಬಿಯೊಳಗಿನ ಗಾಳಿ ತೆಗೆದುಹಾಕಿದ್ದಾರೆ, ಹೊರಗಿನ ಗಾಳಿ ಭಾರವಾದರೆ ಡಬ್ಬಿ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತೆ, ಹಗುರಾದರೆ ಉಸಿರು ಬಿಡುತ್ತೆ, ಆ ಉಸಿರಿಗೇ ಮುಳ್ಳು, ಅಂದರೆ ಅದು ಬದುಕಿದೆಯಾ ಅಪ್ಪ, ಬದುಕಿದೆ ಮಗನೇ, ನಿನಗಿಂತ ಚೆನ್ನಾಗಿ ಬದುಕಿದೆ, ಮಾತಾಡದೆ ಕೂತ್ಕೋ. ಈಗ ಇವನ ಹೆಂಡತಿ ಫೋನು ತೆಗೆದು ಬೆರಳಿನಿಂದ ಸವರಿ ನಾಳೆ ಸಂಜೆ ಮಳೆಯಂತೆ ರೀ ಅನ್ನುತ್ತಾಳೆ, ನಾಳೆ ಸಂಜೆ ಮಳೆ ಬರುತ್ತದೆ ಕೂಡ, ಬಂದರೆ ಏನು ಸುಖ, ಫೋನನ್ನು ತಟ್ಟಿ ನೋಡು, ಏನಾದರೂ ನಡುಗುತ್ತದೆಯೇ, ಅಪ್ಪ ತಟ್ಟಿದರೆ ಮುಳ್ಳು ಬೆಚ್ಚುತ್ತಿತ್ತು, ದಿನಾ ಬೆಳಗ್ಗೆ ಎದ್ದವನೇ ಬರಿಮೈಯಲ್ಲಿ ಬಂದು ಬಲಗೈಯ ಗೆಣ್ಣಿನಿಂದ ಗಾಜಿಗೆ ಟಕ್ ಟಕ್, ಆ ಸದ್ದಿಗೆ ಬೀದಿಯಲ್ಲಿ ನಾಯಿಗಳು ಎದ್ದು ನಿಲ್ಲುತ್ತಿದ್ದವು, ಅದೇ ಗೆಣ್ಣು ಆಮೇಲೆ ಇವನ ನೆತ್ತಿಗೆ, ತಮ್ಮನ ನೆತ್ತಿಗೆ, ಅಮ್ಮನ —

ಬಿಡೋ, ಕಣ್ಣಿಗೆ ಕೈ ಹಾಕಬೇಡ, ಕಣ್ಣಿಗೆ ಕೈ ಹಾಕುತ್ತೀಯಾ ನನ್ನ ಮಗನೇ, ಇಬ್ಬರೂ ಉರುಳಿದರು, ಕುರ್ಚಿ ಉರುಳಿತು, ಕುರ್ಚಿಯ ಕಾಲು ಇವನ ಪಕ್ಕೆಗೆ ನಾಟಿ ಉಸಿರೇ ನಿಂತುಹೋಯಿತು, ಅಷ್ಟರಲ್ಲಿ ತಮ್ಮನ ಮೊಣಕೈ ಮೂಗಿಗೆ, ಪರವಾಗಿಲ್ಲವೇ ಚಿಮಟ, ಮೂಗಿನಿಂದ ಬಿಸಿಯಾದದ್ದು ತುಟಿಗಿಳಿದು ಸುಣ್ಣದ ಧೂಳಿನ ಜೊತೆ ಬೆರೆತು ಹಸಿ ಗಾರೆಯ ರುಚಿ, ಏನ್ರೀ ಅದು, ಏನು ಬಿತ್ತು, ಅಡುಗೆಮನೆಯಿಂದ ಹೆಂಡತಿ, ಏನಿಲ್ಲ ಕಣೇ ಮಾತಾಡ್ತಿದ್ದೀವಿ, ಮಾತಾಡುವಾಗ ಕುರ್ಚಿ ಯಾಕೆ ಕೂಗುತ್ತೆ ರೀ, ಅವಳು ಬರುವ ಮೊದಲೇ ಕಾಲಿನಿಂದ ಬಾಗಿಲು ತಳ್ಳಿ ಅಗುಳಿ, ಅಗುಳಿ ಹಾಕುವಷ್ಟು ಹೊತ್ತಿನಲ್ಲೇ ತಮ್ಮ ಎದ್ದು ಕೂತ, ಎದ್ದು ಕೂತವನ ಎದೆಗೆ ಒದ್ದು ಮತ್ತೆ ಮಲಗಿಸಿ ಎದೆಯ ಮೇಲೆ ಮೊಣಕಾಲು, ಇಲಿ ಎದೆ, ಕೆಳಗೆ ಪಟಪಟ ಪಟಪಟ, ಮುಳ್ಳು ತಿಳಿಯಲ್ಲಿದೆ ಕಣೋ, ನೀನೇ ತಿಳಿಗೆ ತಂದೆಯಲ್ಲ, ತಿಳಿ ಬಂದರೆ ಏಟು, ಅದು ಈ ಮನೆಯ ಕಾನೂನು, ಮರೆತೆಯಾ, ಅಪ್ಪನ ಕಾನೂನು. ಅಪ್ಪ ಬಂದರಿನಲ್ಲಿ ಟಗ್ ದೋಣಿಯ ಕಪ್ತಾನ, ಬೆಟ್ಟದಂಥ ಹಡಗುಗಳನ್ನು ಕಿವಿ ಹಿಡಿದು ದಡಕ್ಕೆ ಎಳೆದು ತರುತ್ತಿದ್ದವನು, ಟಗ್ಗಿನಲ್ಲೂ ಒಂದು ಗಾಳಿಗಡಿಯಾರ ಇತ್ತು, ಮುಳ್ಳು ಬಿರುಗಾಳಿಗೆ ಇಳಿಯಿತೋ ಆಳುಗಳು ಆಡುತ್ತಿದ್ದ ಜಗಳ ಅಲ್ಲಿಗೇ ನಿಲ್ಲಬೇಕು, ಬಿರುಗಾಳಿಯಲ್ಲಿ ಪ್ರತಿ ಕೈಯೂ ಹಗ್ಗಕ್ಕೆ ಬೇಕು, ಯಾರ ಕೈಯನ್ನೂ ಯಾರೂ ಮುರಿಯುವ ಹಾಗಿಲ್ಲ, ಅಡುಗೆಯವನೂ ಬಾಯ್ಲರಿನವನೂ ಒಬ್ಬರ ಕುತ್ತಿಗೆಗೆ ಒಬ್ಬರು ಚಾಕು ಹಿಡಿದಿದ್ದರಂತೆ, ಅಪ್ಪ ಮುಳ್ಳು ಇಳೀತು ಅಂದನಂತೆ, ಅಷ್ಟೇ, ಚಾಕು ಎರಡೂ ಪೆಟ್ಟಿಗೆಯೊಳಗೆ, ರಾತ್ರಿಯಿಡೀ ಒಂದೇ ಹಗ್ಗಕ್ಕೆ ಇಬ್ಬರೂ ಜೋತುಬಿದ್ದು ದೋಣಿ ಉಳಿಸಿದರು, ಬೆಳಗ್ಗೆ ಮುಳ್ಳು ಏರಿತು, ಏರಿದ ತಕ್ಷಣ ಪೆಟ್ಟಿಗೆ ತೆಗೆದು ಚಾಕು ಕೈಗೆತ್ತಿಕೊಂಡು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಶುರು, ಅಡುಗೆಯವನ ಒಂದು ಕಿವಿ ಅವತ್ತು ಸಮುದ್ರಕ್ಕೆ ಹೋಯಿತು, ಆಮೇಲೆ ಅವನಿಗೆ ಬೈಗುಳ ಅರ್ಧವೇ ಕೇಳುತ್ತಿತ್ತು ಅಂತ ಅಪ್ಪ ನಗುತ್ತಿದ್ದ, ಆ ಕಾನೂನನ್ನೇ ಮನೆಗೂ ತಂದ, ಮನೆ ಅಂದರೇನು, ನೆಲದ ಮೇಲಿನ ದೋಣಿ, ಮುಳ್ಳು ಬಿರುಗಾಳಿಯಲ್ಲಿ ಇರುವಷ್ಟು ಹೊತ್ತು ಯಾರ ಮೇಲೂ ಕೈ ಇಲ್ಲ, ಆದರೆ ಏಟು ಮಾಫಿ ಅಲ್ಲ ಮಗನೇ, ಏಟು ಎಲ್ಲಿಗೂ ಹೋಗಲ್ಲ, ಕಾದಿರುತ್ತೆ, ಮುಳ್ಳು ಏರಲಿ. ತಾಳಿಕೊಂಡ ಏಟು ಇನ್ನೂ ಕೆಟ್ಟದ್ದು, ತಾಳಿಕೊಂಡಷ್ಟೂ ಬಲಿಯುತ್ತದೆ, ಮೋಡ ಹರಿದ ಬೆಳಗ್ಗೆ ಬೀದಿಯ ಮಕ್ಕಳೆಲ್ಲ ಬಿಸಿಲು ಅಂತ ಕುಣಿದರೆ ಈ ಮನೆಯ ಇಬ್ಬರು ಮಂಚದ ಕೆಳಗೆ, ಟಕ್ ಟಕ್, ಏರಿತು, ಬನ್ರೋ ಹೊರಗೆ, ಬೆಲ್ಟು, ಬೆಲ್ಟಿನ ಕೊಕ್ಕೆ, ತಮ್ಮನ ಬೆನ್ನಿನಲ್ಲಿ ಆ ಕೊಕ್ಕೆಯ ಚೌಕ ಇವತ್ತಿಗೂ ಇದೆ, ಅಂಗಿ ಹರಿದು ಈಗ ಕಾಣುತ್ತಿದೆ, ಭುಜದ ಹತ್ತಿರ, ಬಿಳಿ, ನೋಡಬಾರದು.

ಆದರೆ ನಿಲ್ಲಿಸಿದವನು ಯಾರು, ಹೇಳೋ ಯಾರು ನಿಲ್ಲಿಸಿದ್ದು, ಇವನು, ಈ ಸುತ್ತಿಗೆ, ಆಗ ಇನ್ನೂ ಸುತ್ತಿಗೆಯಲ್ಲ, ಧ್ವನಿ ಒಡೆಯುತ್ತಿದ್ದ ವಯಸ್ಸು, ಗೋಡೆಯ ಮೇಲೆ ಮುಳ್ಳು ಇಳಿಯುತ್ತಿತ್ತು, ಇನ್ನೂ ಬಿರುಗಾಳಿ ಮುಟ್ಟಿರಲಿಲ್ಲ, ಮಳೆ ಅನ್ನುವ ಅಕ್ಷರದ ತುದಿಯಲ್ಲಿ, ಅಪ್ಪನಿಗೆ ಅವಸರ, ಬಿರುಗಾಳಿ ಮುಟ್ಟುವಷ್ಟರಲ್ಲಿ ಮುಗಿಸಬೇಕು, ಅಮ್ಮನ ಜಡೆಯನ್ನು ಕೈಗೆ ಸುತ್ತಿಕೊಂಡು ಕಿಟಕಿಯ ಸರಳಿಗೆ ತಲೆ, ಒಂದು ಸಲ, ಮತ್ತೊಂದು ಸಲ, ಅಮ್ಮ ಕೂಗುವುದಿಲ್ಲ, ಕೂಗಿದರೆ ಮಕ್ಕಳು ಎದ್ದುಬಿಡುತ್ತಾರೆ ಅಂತ ಸೆರಗು ಕಚ್ಚಿಕೊಂಡಿದ್ದಾಳೆ, ಮಕ್ಕಳು ಎದ್ದೇ ಇದ್ದಾರೆ, ಜಡೆಯ ಪಿನ್ನುಗಳು ನೆಲದ ಮೇಲೆ ಟಿಣ್ ಟಿಣ್ ಅಂತ ಉದುರುತ್ತಿವೆ, ಆಗ ಇವನು ಬಾಗಿಲ ಮೂಲೆಯಲ್ಲಿದ್ದ ದೋಣಿಯ ಹುಟ್ಟನ್ನು ಎತ್ತಿ, ಎರಡು ಕೈಯಲ್ಲಿ ಎತ್ತಿ, ಆ ಹುಟ್ಟು ಎತ್ತಲು ಮೂರು ಜನ ಬೇಕು, ನಾಲ್ಕು ಅನ್ನಿ, ಎತ್ತಿ ಅಪ್ಪನ ಹಣೆಗೆ, ಆ ಸದ್ದು ಬಂದರಿನವರೆಗೂ ಕೇಳಿಸಿ ಹಡಗುಗಳು ತಾವೇ ಲಂಗರು ಹಾಕಿಕೊಂಡವು, ಅಪ್ಪ ಕೂತುಬಿಟ್ಟ, ಬೆಟ್ಟ ಕೂತುಬಿಟ್ಟಿತು, ಹುಬ್ಬಿನಿಂದ ರಕ್ತ ಕಣ್ಣಿಗಿಳಿದು ಕಣ್ಣು ಮುಚ್ಚಿ, ತೆರೆದ ಒಂದು ಕಣ್ಣಿನಿಂದ ಗೋಡೆ ನೋಡಿದ, ಮುಳ್ಳು ಬಿರುಗಾಳಿ ಮುಟ್ಟಿತ್ತು, ಆಗಷ್ಟೇ ಮುಟ್ಟಿತ್ತು. ಎದ್ದ, ಬೆಲ್ಟು ಬಿಗಿದುಕೊಂಡ, ಎಷ್ಟು ಮೆಲ್ಲಗೆ ಹೇಳಿದ, ಮುಳ್ಳು ಏರಿದ ದಿನ ನಿನ್ನ ಎರಡೂ ಕೈ ಮುರೀತೀನಿ ಮಗನೇ, ಮೊಣಕೈ ಹತ್ರ ಅಲ್ಲ, ಮುಂಗೈ ಹತ್ರ, ಮೂಳೆ ಮತ್ತೆ ಕೂಡಬಾರದು ಹಾಗೆ. ಮುಳ್ಳು ಏರಲೇ ಇಲ್ಲ. ಮರುದಿನ ಇಲ್ಲ, ವಾರ ಕಳೆಯಿತು ಇಲ್ಲ, ಹೊರಗೆ ಬಿಸಿಲು ಹೆಂಚು ಒಡೆಯುವಷ್ಟು, ಒಳಗೆ ಬಿರುಗಾಳಿ, ಅಪ್ಪ ಬೆಳಗ್ಗೆ ತಟ್ಟುತ್ತಾನೆ, ಬಿರುಗಾಳಿ, ಹ್ಞೂಂ ಅನ್ನುತ್ತಾನೆ, ಕೊಡೆ ತೆಗೆದುಕೊಂಡು ಬಿಸಿಲಿಗೆ ಹೋಗುತ್ತಾನೆ, ಬೀದಿಯ ಹುಡುಗರು ಕಪ್ತಾನರೇ ಮಳೆ ಎಲ್ಲಿ ಅಂದರೆ ದೂರದಲ್ಲಿದೆ ಕಣ್ರೋ ಬರ್ತಿದೆ ಅನ್ನುತ್ತಾನೆ, ಒಂದು ಬೇಸಿಗೆ ಹೋಯಿತು, ಎಷ್ಟೋ ಬೇಸಿಗೆ ಹೋದವು, ಅಪ್ಪ ಸಾಯುವವರೆಗೂ ಈ ಮನೆಯಲ್ಲಿ ಬಿರುಗಾಳಿ, ಈ ಮನೆಯಲ್ಲಿ ಒಂದು ಏಟಿಲ್ಲ. ಇವನು ಸುತ್ತಿಗೆಯಾಗಿ ಗೋಡೆ ಒಡೆಯಲು ಶುರುಮಾಡಿದ ಮೇಲೆ ಕೆಲಸದವರಿಗೆಲ್ಲ ಹೇಳಿದ್ದಾನೆ, ಹೇಳದ ದಿನವಿಲ್ಲ, ಇಟ್ಟಿಗೆಯ ಗುಡ್ಡೆಯ ಮೇಲೆ ಕೂತು ಟೀ ಕುಡಿಯುತ್ತ, ನಾನು ಅಪ್ಪನಿಗೆ ಹೊಡೆದ ಏಟಿಗೆ ಗಾಳಿಗೇ ಭಯ ಬಿತ್ತು ಕಣ್ರಯ್ಯ, ಮುಳ್ಳು ಇಳಿದದ್ದು ಮತ್ತೆ ಮೇಲೆ ಏಳಲಿಲ್ಲ, ನನ್ನ ಅಪ್ಪ ನನ್ನ ಎದುರಿಗೆ ಬೆಲ್ಟು ಬಿಚ್ಚಲಿಲ್ಲ, ಪಾಯಿಖಾನೆಗೆ ಹೋದರೂ ಕೆಮ್ಮಿ ಹೋಗುತ್ತಿದ್ದ, ಕೆಲಸದವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಭಾನುವಾರ ಮನೆಗೆ ಬಂದು ಮುಳ್ಳನ್ನು ನೋಡಿ ಹೋಗುತ್ತಾರೆ, ನೋಡಿ, ಇದೇ, ಬಿರುಗಾಳಿ, ಮುಟ್ಟಬೇಡಿ. ಬೇರೆಯವರಿಗೆ ಎದೆಯ ಮೇಲೆ ಪದಕ, ಇವನಿಗೆ ಗೋಡೆಯ ಮೇಲೆ. ಆ ಪದಕವನ್ನು, ಆ ಪದಕವನ್ನು ಈ ಚಿಮಟ, ಟವೆಲ್ಲಿನಲ್ಲಿ ಸುತ್ತಿ —

ಕುತ್ತಿಗೆ. ಕುತ್ತಿಗೆ ಎಷ್ಟು ಸಣ್ಣ, ಎರಡು ಹೆಬ್ಬೆರಳು ಗಂಟಲ ಗಂಟಿನ ಮೇಲೆ ಸರಿಯಾಗಿ ಕೂರುತ್ತವೆ, ಗಂಟು ಮೇಲೆ ಹೋಗಲು ನೋಡುತ್ತದೆ, ಬಿಡುವುದಿಲ್ಲ, ರೀ ಬಾಗಿಲು ತೆಗೀರಿ, ರೀ, ನಾನೇ ಹೇಳಿದ್ದು ಅವನಿಗೆ, ಅದು ಸತ್ತು ಕೂತಿದೆಯಲ್ಲ ಸರಿಮಾಡಿಕೊಂಡು ಬಾ, ನಿಮ್ಮಣ್ಣನಿಗೆ ಖುಷಿಯಾಗ್ಲಿ ಅಂತ ನಾನೇ ಕಣ್ರೀ ಕೊಟ್ಟು ಕಳಿಸಿದ್ದು, ಬಾಗಿಲು ದಡದಡ, ನೀನೂ ಸೇರಿಕೊಂಡೆಯಾ, ಸತ್ತು ಕೂತಿದೆಯಂತೆ, ಖುಷಿಯಂತೆ, ಹೆಬ್ಬೆರಳು ಇನ್ನಷ್ಟು ಒಳಗೆ, ತಮ್ಮನ ಮುಖ ಕೆಂಪು ಹೋಗಿ ನೇರಳೆಯಾಗುತ್ತಿದೆ, ಆ ನೇರಳೆ ಬಣ್ಣ ಅಪ್ಪನ ಹುಬ್ಬಿನಲ್ಲಿತ್ತು, ಅಮ್ಮನ ಕೆನ್ನೆಯಲ್ಲಿತ್ತು, ಈ ಮನೆಯ ಬಣ್ಣ ಅದು, ಸುಣ್ಣ ಬಳಿದರೂ ಹೋಗದ ಬಣ್ಣ, ತಮ್ಮ ಒದೆಯುತ್ತಿದ್ದಾನೆ, ಹಿಮ್ಮಡಿ ನೆಲಕ್ಕೆ ಬಡಿಯುತ್ತಿದೆ, ಗೋಡೆ ಅದುರಿ ಮುಳ್ಳು ಬೆಚ್ಚುತ್ತಿದೆ, ತಿಳಿ, ತಿಳಿ, ತಿಳಿ, ಏರಿದೆ, ಮುಳ್ಳು ಏರಿದೆ, ಬಾರೋ ಹೊರಗೆ, ಬರ್ತಾನೆ, ಈಗ ಬರ್ತಾನೆ, ಹಿತ್ತಲ ಬಾಗಿಲಿನಿಂದ ಬರಿಮೈಯಲ್ಲಿ ಬೆಲ್ಟು ಬಿಗಿದುಕೊಂಡು, ಮೊಣಕೈ ಹತ್ರ ಅಲ್ಲ ಮುಂಗೈ ಹತ್ರ, ಅಪ್ಪ ಸತ್ತಿದ್ದಾನಲ್ಲ, ಸತ್ತಿದ್ದಾನೆ, ಇವನೇ ಹೆಗಲು ಕೊಟ್ಟಿದ್ದಾನೆ, ಒಬ್ಬನೇ ಹೊತ್ತೆ ಅಂತ ಹೇಳಿಕೊಂಡೂ ಇದ್ದಾನೆ, ಸತ್ತರೇನಾಯಿತು, ಏಟು ಎಲ್ಲಿಗೂ ಹೋಗಲ್ಲ ಕಾದಿರುತ್ತೆ, ಎರಡು ಮುಂಗೈಯಲ್ಲೂ ಆ ಚಳಿ, ಹೊಗೆಗೂಡು ಬೀಳಿಸಿದ ಕೈ, ಗಡಗಡ, ಹೆಬ್ಬೆರಳು ಕಂಪಿಸುತ್ತಿದೆ ನೋಡು, ಕಂಪಿಸುವುದನ್ನು ನಿಲ್ಲಿಸಲಾದರೂ ಒತ್ತಬೇಕು, ಒತ್ತಿದರೆ ನಿಲ್ಲುತ್ತದೆ, ಇನ್ನೂ ಒಂದು ಸ್ವಲ್ಪ, ತಮ್ಮನ ಬಲಗೈ ಏನು ಮಾಡುತ್ತಿದೆ, ಅಂಗಿಯ ಜೇಬಿಗೆ ಹೋಗುತ್ತಿದೆ, ಜೇಬಿನಲ್ಲಿ ತಿರುಪುಳಿ ಇದೆ, ಸೂಜಿಯಷ್ಟು ಚೂಪು, ಕಣ್ಣಿಗೆ ಚುಚ್ಚುತ್ತಾನೆ, ಚುಚ್ಚಲಿ, ಚುಚ್ಚಿದರೆ ಸಾಯಿಸುವುದಕ್ಕೆ ಒಂದು ಕಾರಣವಾದರೂ ಸಿಗುತ್ತದೆ, ಚುಚ್ಚೋ, ತೆಗಿಯೋ, ತೆಗಿ ಅಂದೆ. ತೆಗೆದ. ಎರಡು ಬೆರಳಿನ ನಡುವೆ ಹಿಡಿದು ಮೇಲೆತ್ತಿದ, ಚಿಮಟದಲ್ಲಿ ಹಿಡಿಯುವ ಹಾಗೆ, ಅಣ್ಣನ ಮೂಗಿನ ನೇರಕ್ಕೆ.

ಪಿನ್ನು. ಕೂದಲಿಗೆ ಹಾಕುವ ಪಿನ್ನು, ಕಪ್ಪು, ಒಂದು ಕಾಲು ಬಗ್ಗಿದೆ, ತುದಿಯ ಮಣಿ ಉದುರಿಹೋಗಿದೆ. ಹೆಬ್ಬೆರಳು ತಾನಾಗಿ ಸಡಿಲವಾಯಿತು, ತಮ್ಮ ಉಸಿರು ಎಳೆದುಕೊಂಡ ಸದ್ದು ಹಳೆ ಬಾಗಿಲು ತೆರೆದ ಹಾಗೆ, ಕೆಮ್ಮಿದ, ಉಗುಳಿದ, ಒಳಗಿತ್ತು, ಅಂದ, ಡಬ್ಬಿಗೂ ಮುಳ್ಳು ಎಳೆಯುವ ಸರಪಳಿಗೂ ನಡುವೆ, ಅಡ್ಡ ಸಿಕ್ಕಿಸಿದ್ದಳು, ಕೆಟ್ಟೇ ಇರಲಿಲ್ಲ ಅಣ್ಣ ಅದು, ಯಾವತ್ತೂ ಕೆಟ್ಟಿರಲಿಲ್ಲ, ಪಿನ್ನು ತೆಗೆದೆ, ತಾನೇ ಏರಿತು. ಯಾರು ಸಿಕ್ಕಿಸಿದ್ದು ಅಂತ ಕೇಳಬೇಕು, ಕೇಳುವುದೇನು, ಅವತ್ತು ನೆಲದ ಮೇಲೆ ಟಿಣ್ ಟಿಣ್ ಅಂತ ಉದುರಿದ ಪಿನ್ನುಗಳನ್ನು ಅಮ್ಮ ಮಂಡಿಯೂರಿ ಹೆಕ್ಕಿದಳು, ಹುಟ್ಟು ಕೈಯಲ್ಲೇ ಇತ್ತು ಇವನ, ಅಪ್ಪ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ, ಹೋಗಿ ಮಲಕ್ಕೊಳ್ರೋ ಅಂದಳು, ಹೋದರು, ಹಿಂದಿನಿಂದ ಕುರ್ಚಿ ಎಳೆದ ಸದ್ದು ಕೇಳಿತ್ತಲ್ಲ, ಕೇಳಿತ್ತು, ಈ ಕುರ್ಚಿಯೇ, ಗೋಡೆಯ ಹತ್ತಿರಕ್ಕೆ ಎಳೆದ ಸದ್ದು, ಇವನು ಮಂಚದ ಮೇಲೆ ಬಿದ್ದುಕೊಂಡು ತಾನು ಗೆದ್ದೆ ಗೆದ್ದೆ ಅಂದುಕೊಳ್ಳುತ್ತಿದ್ದ, ಗಾಳಿಗೇ ಭಯ ಬಿತ್ತು ಅಂದುಕೊಳ್ಳುತ್ತಿದ್ದ, ಇಷ್ಟು ವರ್ಷ ಎಷ್ಟು ಜನಕ್ಕೆ ಹೇಳಿದ್ದಾನೆ, ಇಟ್ಟಿಗೆ ಗುಡ್ಡೆ, ಟೀ, ಬಾಯಿ ಬಿಟ್ಟುಕೊಂಡ ಮುಖಗಳು, ಅಮ್ಮನ ಎದುರಿಗೇ ಹೇಳಿದ್ದಾನೆ, ಮನೆಗೆ ಬಂದ ಕೆಲಸದವರಿಗೆ ಅಮ್ಮನೇ ಟೀ ತಂದಿಟ್ಟು, ಹೌದಪ್ಪ ನನ್ನ ಮಗ ಹಾಗೇ, ಅಂದು, ನಕ್ಕು, ಜಾರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ ಒಳಗೆ ಹೋದಳು. ಎಡಗಡೆ. ಯಾವಾಗಲೂ ಎಡಗಡೆಯೇ ಜಾರುತ್ತಿತ್ತು, ಬಲಗಡೆ ಪಿನ್ನು ಇತ್ತು, ಎಡಗಡೆ ಇಲ್ಲ, ಒಂದು ಪಿನ್ನಿಗೂ ಗತಿಯಿಲ್ವೇನೇ ಅಂತ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು, ಇವನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಕಟ್ಟು ಪಿನ್ನು ತಂದುಕೊಟ್ಟಳು, ಅತ್ತೆ ಹಾಕ್ಕೊಳ್ಳಿ, ಬೇಡಮ್ಮ ನಂಗೆ ಅಭ್ಯಾಸ ಇಲ್ಲ, ಎಲ್ಲೋ ಇಟ್ಟಿದ್ದೀನಿ ನನ್ನ ಪಿನ್ನು, ಇದೆ, ಎಲ್ಲಿಗೂ ಹೋಗಲ್ಲ.

ಅಪ್ಪನಿಗೂ ಗೊತ್ತಿತ್ತು ಕಣಣ್ಣ, ಅಂದ ತಮ್ಮ, ಮಲಗಿದಲ್ಲೇ, ಗಂಟಲು ಉಜ್ಜಿಕೊಳ್ಳುತ್ತ, ಹುಚ್ಚಾ ನಿನಗೆ, ಅಪ್ಪನಿಗೆ ಹೇಗೆ ಗೊತ್ತಿರುತ್ತೆ, ಟಗ್ಗಿನಲ್ಲಿ ಇನ್ನೊಂದಿತ್ತಲ್ಲ ಅಣ್ಣ, ಅದು ಸರಿಯಾಗೇ ಓಡ್ತಿತ್ತಲ್ಲ, ದಿನಾ ಅದನ್ನ ನೋಡಿ ಬರ್ತಿದ್ದ, ಮನೆಗೆ ಬಂದು ಇದನ್ನ ನೋಡ್ತಿದ್ದ, ನಾನು ರಿಪೇರಿ ಕಲಿತ ಮೊದಲ ವರ್ಷ ಬಿಚ್ಚಿ ನೋಡ್ಲಾ ಅಪ್ಪ ಅಂದೆ, ಮುಟ್ಟಿದರೆ ನೋಡು ಅಂದ, ಕಪ್ತಾನನಿಗೆ ಕಾಣಲ್ವಾ. ಕಪ್ತಾನನಿಗೆ ಕಾಣುವುದಿಲ್ಲವೇ — ಟಕ್ ಟಕ್ — ಇಲ್ಲ, ಟಕ್ ಟಕ್ ಅಲ್ಲ, ಅವತ್ತಿನ ಮೇಲೆ ಟಕ್ ಟಕ್ ಇರಲಿಲ್ಲ, ಬೀದಿಯ ನಾಯಿಗಳು ಏಳುತ್ತಿರಲಿಲ್ಲ, ಅವತ್ತಿನ ಮೇಲೆ ಅಪ್ಪ ಗೆಣ್ಣಿನಿಂದ ತಟ್ಟಲಿಲ್ಲ, ಕಿರುಬೆರಳಿನ ತುದಿಯಿಂದ, ನಿದ್ದೆ ಹೋದ ಕೂಸಿನ ಕೆನ್ನೆ ಮುಟ್ಟುವ ಹಾಗೆ, ಗಾಜಿಗೆ ತಾಗಿತೋ ಇಲ್ಲವೋ ಅನ್ನುವ ಹಾಗೆ ಮುಟ್ಟಿ, ಹ್ಞೂಂ ಅಂದು, ಕೊಡೆ ತೆಗೆದುಕೊಂಡು ಬಿಸಿಲಿಗೆ, ಎಲ್ಲಿ ಅಲುಗಿಬಿಡುತ್ತದೋ ಅಂತ, ಎಲ್ಲಿ ಒಳಗಿನದು ಸಡಿಲವಾಗಿ ಮುಳ್ಳು ಏರಿಬಿಡುತ್ತದೋ ಅಂತ, ಏರಿದರೆ ತಾನು ಹೇಳಿದ ಮಾತು ನಡೆಸಬೇಕಲ್ಲ, ಹುಡುಗನ ಎರಡು ಕೈ, ಮೆಲ್ಲಗೆ, ಅಷ್ಟು ಮೆಲ್ಲಗೆ, ಬೀದಿಗೆಲ್ಲ ನಗೆಪಾಟಲಾಗಿ, ಸುಡುವ ಬಿಸಿಲಿನಲ್ಲಿ ಕೊಡೆ ಬಿಚ್ಚಿಕೊಂಡು, ಇಡೀ ಮನೆ ಆ ಒಂದು ಸುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಉಸಿರು ಬಿಗಿಹಿಡಿದು ಓಡಾಡುತ್ತಿತ್ತು, ಇವನೊಬ್ಬನೇ ನಡುಮನೆಯಲ್ಲಿ ಎದೆ ಸೆಟೆಸಿಕೊಂಡು ಕೂಗಾಡುತ್ತಿದ್ದದ್ದು, ನಾನು ನಾನು ನಾನು. ರೀ, ಬಾಗಿಲು ತೆಗೀತೀರೋ ಬೀದಿಯವರನ್ನ ಕರೀಲೋ, ಅತ್ತಿಗೆ ಏನಿಲ್ಲ ಅತ್ತಿಗೆ, ಎಡವಿ ಬಿದ್ವಿ ಅಂದ ತಮ್ಮ, ಒಡೆದ ತುಟಿಯಲ್ಲಿ, ಇಬ್ಬರೂ ಒಟ್ಟಿಗೆ ಎಡವಿದಿರಾ, ಅಂದಳು ಹೊರಗಿನಿಂದ, ಬಾಗಿಲಿಗೆ ಕಿವಿ ಹಚ್ಚಿ ನಿಂತಿರಬೇಕು. ಅವನು ತಮ್ಮನ ಎದೆಯಿಂದ ಮೊಣಕಾಲು ತೆಗೆದ, ನೆಲದ ಮೇಲೆ ಕೂತ, ಹೊಗೆಗೂಡು ಕೂತ ಹಾಗೆ, ಕೈ ಎರಡೂ ತೊಡೆಯ ಮೇಲೆ ಬಿದ್ದಿವೆ, ಮುರಿಯದ ಕೈ, ಯಾರೂ ಮುರಿಯದ ಕೈ, ಈ ಕೈಯಲ್ಲೇ ಈಗ ಒಂದು ಕುತ್ತಿಗೆ ಇತ್ತು, ಕುತ್ತಿಗೆಯ ಮೇಲೆ ಹೆಬ್ಬೆರಳಿನ ಎರಡು ನೇರಳೆ ಗುರುತು, ಈ ಮನೆಯ ಬಣ್ಣ, ಗೋಡೆಯ ಮೇಲೆ ಮುಳ್ಳು ತಿಳಿಯಲ್ಲಿ, ಕಿಟಕಿಯ ಸರಳಿನ ಆಚೆ ನಿಜವಾಗಿ ತಿಳಿ, ಒಂದು ಚೂರು ಮೋಡವಿಲ್ಲ, ಇಂಥ ದಿನವೇ ಮಂಚದ ಕೆಳಗೆ — ಹಾಕು, ಅಂದ. ಏನು ಹಾಕಲಿ ಅಣ್ಣ. ಅದನ್ನ ಹಾಕು, ಎಲ್ಲಿತ್ತೋ ಅಲ್ಲೇ ಹಾಕು, ಬಿಚ್ಚು, ಹಾಕು, ಕೈ ನಡುಗ್ತಿದೆ ನನ್ನದು, ನೀನೇ ಹಾಕು. ತಮ್ಮ ಕುರ್ಚಿ ಎತ್ತಿ ನಿಲ್ಲಿಸಿದ, ಗೋಡೆಯ ಹತ್ತಿರಕ್ಕೆ ಎಳೆದ, ಅದೇ ಸದ್ದು, ಆ ಸದ್ದಿಗೆ ಕಣ್ಣ ಮುಂದೆ ಆ ಕಾಲದ ಅಮ್ಮ, ಸಿಂಕಿನ ಮುಂದೆ ನಿಂತಿದ್ದಾಳೆ, ಎರಡು ಕೈಗೂ ಸೋಪಿನ ನೊರೆ, ಕೂದಲು ಎಡಗೆನ್ನೆಗೆ ಜಾರುತ್ತದೆ, ಮುಂಗೈಯಿಂದ ಹಿಂದಕ್ಕೆ ತಳ್ಳುತ್ತಾಳೆ, ಜಾರುತ್ತದೆ, ತಳ್ಳುತ್ತಾಳೆ, ಒಂದು ಪಿನ್ನು ಹಾಕಿಕೊಳ್ಳಬಾರದೇನಮ್ಮ, ಜಾರುತ್ತದೆ, ತಳ್ಳುತ್ತಾಳೆ, ಜಾರುತ್ತದೆ —